ಮಳೆನಾಡಿನ ಬೀರುವಿನಲ್ಲಿ ಯುದ್ಧವಿಮಾನ: ಡೈಕಾಸ್ಟ್ ಮಾದರಿ ಕೂಡಿಡುವವರಿಗೆ

ಕೊಡಗಿಗೆ ರೈಲಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಆದರೆ ಇಲ್ಲಿ ಯಾವ ಊರಿಗೆ ಹೋದರೂ ವಾಯುಪಡೆಯಲ್ಲಿದ್ದವರ ಮನೆ ಒಂದಾದರೂ ಸಿಗುತ್ತದೆ. ನಮ್ಮ ನೆರೆಮನೆಯದೂ ಹಾಗೇ. ಅಲ್ಲಿನ ಅಂಕಲ್ ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದವರು. ಡೈಕಾಸ್ಟ್ ವಿಮಾನದ ಹುಚ್ಚು ನನಗೆ ಹತ್ತಿದ್ದು ಅವರ ಜಗಲಿಯಲ್ಲೇ. ಹತ್ತಿ ಹದಿಮೂರು ವರ್ಷ ಆಯಿತು. ಅಷ್ಟರಲ್ಲಿ ದುಡ್ಡು ಕಳೆದುಕೊಂಡಿದ್ದೇನೆ, ರೆಕ್ಕೆ ಮುರಿದಿದ್ದೇನೆ, ಮಳೆಗಾಲಕ್ಕೆ ಒಂದು ಒಳ್ಳೆಯ ಮಾದರಿಯನ್ನು ಬಲಿ ಕೊಟ್ಟಿದ್ದೇನೆ. ಹೊಸದಾಗಿ ಶುರು ಮಾಡುವವರು ಅದೇ ಗುಂಡಿಗೆ ಬೀಳದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಡೈಕಾಸ್ಟ್ ಅಂದರೆ ಏನು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಸತುವಿಗೆ ಸ್ವಲ್ಪ ಅಲ್ಯೂಮಿನಿಯಂ, ಚೂರು ಮೆಗ್ನೀಸಿಯಂ, ತಾಮ್ರ ಬೆರೆಸಿದ ಮಿಶ್ರಲೋಹ ಇದೆ. ಹೆಸರು ಜಮಾಕ್. ಅದನ್ನು ಸುಮಾರು 400 ಡಿಗ್ರಿ ಶಾಖದಲ್ಲಿ ಕರಗಿಸಿ, ಒತ್ತಡ ಹಾಕಿ ಉಕ್ಕಿನ ಅಚ್ಚಿಗೆ ತುಂಬುತ್ತಾರೆ. ಮೈ, ರೆಕ್ಕೆ ಲೋಹದ್ದು. ಚಕ್ರ, ಕ್ಷಿಪಣಿ, ಮೂಗಿನ ಮುಂದಿನ ಸೂಜಿಯಂಥ ಕೊಳವೆ ಪ್ಲಾಸ್ಟಿಕ್‌ನದು. ಬಣ್ಣ ಬಳಿದು ಜೋಡಿಸಿಯೇ ಪೆಟ್ಟಿಗೆಯಲ್ಲಿ ಬರುತ್ತದೆ. ಪ್ಲಾಸ್ಟಿಕ್ ಕಿಟ್ ತಂದು ಅಂಟು ಹಚ್ಚಿ ಕೂರಿಸುವ ಹವ್ಯಾಸ ಬೇರೆ, ಇದು ಬೇರೆ. ಅಂಗಡಿಯಲ್ಲಿ ಕೆಲವರು ಅಯಸ್ಕಾಂತ ಹಿಡಿದು ಅಸಲಿಯೋ ನಕಲಿಯೋ ಅಂತ ನೋಡುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಜಮಾಕ್‌ನಲ್ಲಿ ಕಬ್ಬಿಣ ಇಲ್ಲ, ಅಸಲಿಗೂ ಅಯಸ್ಕಾಂತ ಅಂಟದು. ಕೈಯಲ್ಲಿ ಹಿಡಿದರೆ ತಣ್ಣಗೆ, ಗಾತ್ರಕ್ಕೆ ಮೀರಿ ಭಾರ ಅನಿಸಬೇಕು. ಅಷ್ಟೇ ಪರೀಕ್ಷೆ.

ಮೊದಲು ಕತೆ ಹಿಡಿಯಿರಿ, ಆಮೇಲೆ ವಿಮಾನ

ಹೊಸಬರು ಮಾಡುವ ದೊಡ್ಡ ತಪ್ಪು ಅಂದರೆ ಚಂದ ಕಂಡದ್ದನ್ನೆಲ್ಲ ತರುವುದು. ವರ್ಷದೊಳಗೆ ಬೀರು ತುಂಬುತ್ತದೆ. ಬಂದವರು 'ಇದು ಯಾವುದು?' ಅಂತ ಕೇಳಿದರೆ ಪೆಟ್ಟಿಗೆ ತಿರುಗಿಸಿ ಓದಿ ಹೇಳಬೇಕಾಗುತ್ತದೆ. ನಾನೂ ಹಾಗೇ ಅಮೆರಿಕದ ನಾಲ್ಕು ವಿಮಾನ ತಂದಿಟ್ಟು, ಮೂರನ್ನು ಅರ್ಧ ಬೆಲೆಗೆ ಮಾರಿದೆ.

ಒಬ್ಬ ಪೈಲಟ್, ಒಂದು ದಿನ, ಒಂದು ವಿಮಾನ. ಅಲ್ಲಿಂದ ಶುರು ಮಾಡಿ. ಕೊಡಗಿನವರಿಗೆ ಅದನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಹೆಸರಿನ ವೃತ್ತವನ್ನು ದಿನಾ ಸುತ್ತಿ ಹೋಗುತ್ತೇವೆ. 1965ರ ಸೆಪ್ಟೆಂಬರ್ 7ರ ಬೆಳಗ್ಗೆ ನಮ್ಮ ವಾಯುಪಡೆಯ ಒಂದನೇ ಸ್ಕ್ವಾಡ್ರನ್ನಿನ, ಅಂದರೆ ವಿಮಾನದಳದ, ಫ್ರೆಂಚ್ ಮಿಸ್ಟೇರ್ ಯುದ್ಧವಿಮಾನಗಳು ಪಂಜಾಬಿನ ಆದಂಪುರದಿಂದ ಹೊರಟು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಿದವು. ದೇವಯ್ಯ ಆ ದಿನದ ಮುಖ್ಯ ಪಟ್ಟಿಯಲ್ಲಿ ಇರಲೇ ಇಲ್ಲ. ಯಾರದ್ದಾದರೂ ವಿಮಾನ ಕೈಕೊಟ್ಟರೆ ಇರಲಿ ಅಂತ ಇಟ್ಟ ಕಾಯ್ದಿರಿಸಿದ ಪೈಲಟ್. ವಾಪಸು ಬರುವಾಗ ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ಒಂದು ಇವರ ಮೇಲೆ ಎರಗಿತು. ಅದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೇ ಮುಟ್ಟದು. ಪೆಟ್ಟು ತಿಂದ ಮಿಸ್ಟೇರನ್ನೇ ತಿರುಗಿಸಿ ದೇವಯ್ಯ ಸೆಣಸಿದರು. ಸ್ಟಾರ್‌ಫೈಟರ್ ಉರುಳಿತು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ದೇವಯ್ಯ ಮರಳಲಿಲ್ಲ.

ಅಲ್ಲಿ ನಡೆದದ್ದೇನು ಅಂತ ಈ ಕಡೆ ಬಹಳ ವರ್ಷ ಯಾರಿಗೂ ಗೊತ್ತಿರಲಿಲ್ಲ. ಆಚೆಯವರ ಕಡೆಯಿಂದ ವಿವರ ಹೊರಬಂದ ಮೇಲೆ, 1988ರಲ್ಲಿ, ಅಂದರೆ 23 ವರ್ಷ ಕಳೆದು, ಮಹಾವೀರ ಚಕ್ರ ಬಂತು. ಈ ಕತೆ ಗೊತ್ತಿದ್ದು ಮಿಸ್ಟೇರ್ ನೋಡುವುದಕ್ಕೂ, ಗೊತ್ತಿಲ್ಲದೆ ನೋಡುವುದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಎರಡನೆಯ ಕತೆಯೂ ಮಡಿಕೇರಿಯದೇ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ 20ನೇ ಸ್ಕ್ವಾಡ್ರನ್ನಿನಲ್ಲಿ ಬ್ರಿಟನ್ನಿನ ಹಂಟರ್ ಯುದ್ಧವಿಮಾನ ಹಾರಿಸುತ್ತಿದ್ದರು. ಅದೇ ಯುದ್ಧದ ಕೊನೆಗೆ, ಸೆಪ್ಟೆಂಬರ್ 22ರಂದು, ಅವರ ವಿಮಾನ ಉರುಳಿ ಸೆರೆ ಸಿಕ್ಕರು. ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಮಗನನ್ನು ಬಿಡುತ್ತೇವೆ ಅಂತ ಹೇಳಿ ಕಳಿಸಿದರು. ತಂದೆ ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಬಿಟ್ಟರೆ ಎಲ್ಲರನ್ನೂ ಬಿಡಿ ಅಂದರಂತೆ. ನಂದಾ ಆಮೇಲೆ ಏರ್ ಮಾರ್ಷಲ್ ಆಗಿ ನಿವೃತ್ತರಾದರು. ಅಲ್ಲಿಗೆ ನಿಮ್ಮ ಪಟ್ಟಿಯಲ್ಲಿ ಮಿಸ್ಟೇರ್, ಹಂಟರ್, ಸ್ಟಾರ್‌ಫೈಟರ್, ಮೂರು ಆದವು. ಶತ್ರುವಿನ ವಿಮಾನ ಯಾಕೆ ಅಂತ ಮನೆಯಲ್ಲಿ ಕೇಳುತ್ತಾರೆ. ಸ್ಟಾರ್‌ಫೈಟರ್ ಪಕ್ಕದಲ್ಲಿ ಇಟ್ಟರೆ ತಾನೇ ಮಿಸ್ಟೇರಿನದು ಎಂಥಾ ಹೋರಾಟ ಅಂತ ಕಾಣುವುದು?

ಅಳತೆ ಅರ್ಥ ಮಾಡಿಕೊಳ್ಳಿ

ಪೆಟ್ಟಿಗೆಯ ಮೇಲೆ 1/72, 1/48, 1/144, 1/200 ಅಂತ ಇರುತ್ತದೆ. 1/72 ಅಂದರೆ ಅಸಲಿಯ ಎಪ್ಪತ್ತೆರಡನೇ ಒಂದು ಪಾಲು. ಆರು ಅಡಿ ಅಂದರೆ 72 ಇಂಚು. ಹಾಗಾಗಿ ಈ ಅಳತೆಯಲ್ಲಿ ಆರಡಿ ಆಳು ಸರಿಯಾಗಿ ಒಂದು ಇಂಚು ಆಗುತ್ತಾನೆ. ಇಷ್ಟು ನೆನಪಿದ್ದರೆ ಸಾಕು.

ಆದರೆ ಲೆಕ್ಕ ತಲೆಗೆ ಹೋಗುವುದು ಬೇರೆ, ಕಣ್ಣಿಗೆ ಬೀಳುವುದು ಬೇರೆ. ನಾನು ಮಾಡಿದ್ದು ಹೇಳುತ್ತೇನೆ, ನೀವೂ ಮಾಡಿ ನೋಡಿ. ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾದ ಒಂದು ಭಾನುವಾರ ಅಕ್ಕನ ಮಗನನ್ನು ಕರೆದುಕೊಂಡು ಟೇಪು, ಸೀಮೆಸುಣ್ಣ ಹಿಡಿದು ಹೋದೆ. ಮಿಸ್ಟೇರಿನ ಉದ್ದ ಸುಮಾರು 12.9 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 11.1 ಮೀಟರ್. ಮೂಗಿಗೆ ಒಂದು ಗೆರೆ, ಬಾಲಕ್ಕೆ ಒಂದು ಗೆರೆ, ರೆಕ್ಕೆಯನ್ನು ಹಿಂದಕ್ಕೆ ವಾಲಿಸಿ ಎರಡು ಗೆರೆ. ಹುಡುಗ ಪೈಲಟ್ ಕೂರುವ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು ಹಿಂದೆ ತಿರುಗಿ ನೋಡಿದ. 'ಮಾವ, ಬಾಲ ಅಷ್ಟು ದೂರನಾ? ಹಿಂದಿಂದ ಬಂದ್ರೆ ಹೆಂಗ್ ಕಾಣುತ್ತೆ?' ಅಂದ. ಅದೇ ವಿಮಾನ 1/72ರಲ್ಲಿ 18 ಸೆಂಟಿಮೀಟರ್. ಶಾಲೆಯ ಸ್ಕೇಲಿಗಿಂತ ಅರ್ಧ ಗೇಣು ಕಡಿಮೆ.

ಬೀರುವಿನ ಅಗಲ ನೋಡಿ ಅಳತೆ ಆರಿಸಿ. ಹಂಟರ್, ಮಿಗ್-21ರಂಥ ಒಂದು ಇಂಜಿನ್ನಿನವಕ್ಕೆ 1/72 ಚೆನ್ನ. ಸುಖೋಯ್-30 ಅದೇ ಅಳತೆಯಲ್ಲಿ 30 ಸೆಂಟಿಮೀಟರ್ ದಾಟುತ್ತದೆ, ಸಾಮಾನ್ಯ ಗಾಜಿನ ಬೀರುವಿನ ಬಾಗಿಲು ಹಾಕಲಿಕ್ಕೆ ಆಗುವುದಿಲ್ಲ. ಸಿ-130ರಂಥ ಸಾಗಣೆ ವಿಮಾನಕ್ಕೆ 1/200 ಸಾಕು. ಎಲ್ಲವೂ ಒಂದೇ ಅಳತೆಯಲ್ಲಿ ಇದ್ದರೆ ಪಕ್ಕಪಕ್ಕ ಇಟ್ಟಾಗ ಯಾವುದು ಎಷ್ಟು ದೊಡ್ಡದು ಅಂತ ಕಣ್ಣಿಗೆ ತಿಳಿಯುತ್ತದೆ. ನನಗಂತೂ ಬೇರೆ ಬೇರೆ ಅಳತೆಯವು ಒಂದೇ ಸಾಲಿನಲ್ಲಿ ಇದ್ದರೆ ಕಣ್ಣು ಕಿಸುರಾಗುತ್ತದೆ.

ಅಸಲಿ ವಿಮಾನ ನೋಡದೆ ಕೊಳ್ಳಬೇಡಿ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿಸೈಡ್' 2021ರಿಂದ ಮ್ಯೂಸಿಯಂ ಆಗಿದೆ. ಅಂಗಳದಲ್ಲಿ ಮಿಗ್-21 ನಿಂತಿದೆ. ಬೆಂಗಳೂರಿಗೆ ಹೋದಾಗ ಎಚ್‌ಎಎಲ್ ಮ್ಯೂಸಿಯಂಗೂ ಒಂದು ಸುತ್ತು ಹಾಕಿ. ಹತ್ತಿರದಿಂದ ತಗಡಿನ ಜೋಡಣೆ ನೋಡಿ, ಮೊಳೆಗಳ ಸಾಲು ನೋಡಿ. ಆಮೇಲೆ ಮಾದರಿಯ ಮೇಲೆ ಉಳುಮೆ ಸಾಲಿನಂತೆ ಆಳವಾದ ಗೆರೆ ಕೊರೆದಿದ್ದರೆ ಅದು ಕಳಪೆ ಅಂತ ನಿಮಗೇ ಗೊತ್ತಾಗುತ್ತದೆ.

ಬಣ್ಣ, ಗುರುತು, ಆಕಾರ ಓದುವುದು

ಇದು ಈ ಹವ್ಯಾಸದ ಜೀವ. ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಮೊದಲು ವಾಯುಪಡೆಯ ಸುತ್ತುಗುರುತು ನೋಡಿ. ನಮ್ಮದರಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಅಗ್ಗದ ಮಾದರಿಗಳಲ್ಲಿ ಇದು ಒಳಗೊಂದು ಹೊರಗೊಂದು ಆಗಿರುವುದುಂಟು. ಎರಡನೇ ಮಹಾಯುದ್ಧದ ಕಾಲದ ನಮ್ಮ ವಿಮಾನದ ಮಾದರಿ ಆದರೆ ತ್ರಿವರ್ಣ ಇರಲೇಬಾರದು. ಬ್ರಿಟಿಷರ ಕೆಂಪು ನೀಲಿ ಗುರುತು ಇರುತ್ತಿತ್ತು. ಬರ್ಮಾ ರಂಗದಲ್ಲಿ ಅದರ ನಡುವಿನ ಕೆಂಪನ್ನೂ ತೆಗೆದರು. ಜಪಾನಿನ ಕೆಂಪು ಸೂರ್ಯ ಅಂದುಕೊಂಡು ನಮ್ಮವರೇ ನಮ್ಮ ಮೇಲೆ ಗುಂಡು ಹಾರಿಸಬಾರದಲ್ಲ.

ಆಮೇಲೆ ಬಣ್ಣ. 1965ರ ಮಿಸ್ಟೇರ್ ಬೆಳ್ಳಿಯಂತೆ ಇರಬೇಕು. ಒಮ್ಮೆ ನಾನು ಅಂಕಲ್ ಹತ್ತಿರ 'ಬೆಳ್ಳಿ ಬಣ್ಣ ಸರಿಯಾಗಿ ಬಳಿದಿಲ್ಲ' ಅಂದೆ. ಅವರು ನಕ್ಕರು. 'ಅದು ಬಣ್ಣ ಅಲ್ಲಪ್ಪ, ಬರೀ ತಗಡು. ಬಿಸಿಲಿಗೆ ಒಂದೊಂದು ತಗಡು ಒಂದೊಂದು ಥರ ಹೊಳೆಯುತ್ತೆ. ಇಂಜಿನ್ ಹತ್ತಿರ ಸುಟ್ಟು ಕಂದಾಗಿರುತ್ತೆ' ಅಂದರು. ಅಂದಿನಿಂದ ಬೆಳ್ಳಿ ವಿಮಾನ ಕೊಳ್ಳುವಾಗ ಬಾಲದ ಕಡೆಯನ್ನೇ ಮೊದಲು ನೋಡುತ್ತೇನೆ. ಒಳ್ಳೆಯ ಕಂಪನಿಯವರು ಅಲ್ಲಿ ಬಣ್ಣದ ಛಾಯೆ ಬದಲಿಸಿರುತ್ತಾರೆ. ಎಲ್ಲ ಕಡೆ ಸ್ಟೀಲ್ ಲೋಟದ ಥರ ಒಂದೇ ಹೊಳಪಿದ್ದರೆ ಬಿಟ್ಟುಬಿಡಿ.

ಮೂರನೆಯದು ಆಕಾರ. ಮೋಸ ಹೋಗುವುದು ಇಲ್ಲೇ ಜಾಸ್ತಿ. ಮಿಗ್-21 ಅಂದರೆ ಒಂದೇ ವಿಮಾನ ಅಲ್ಲ. 1963ರಲ್ಲಿ ನಮ್ಮ ವಾಯುಪಡೆಗೆ ಬಂದು, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಡುಗೆ ಪಡೆಯುವಷ್ಟರಲ್ಲಿ ಅದು ಎಷ್ಟೋ ರೂಪ ಬದಲಿಸಿತ್ತು. 1971ರ ಯುದ್ಧದಲ್ಲಿ ಹೆಸರು ಮಾಡಿದ್ದು ಎಫ್‌ಎಲ್ ಮಾದರಿ. ಅದರ ಬೆನ್ನು ತೆಳ್ಳಗೆ. ಮೈಯೊಳಗೆ ಗನ್ ಇಲ್ಲ, ಹೊಟ್ಟೆಯ ಕೆಳಗೆ ತೂಗುವ ಡಬ್ಬಿಯಲ್ಲಿ ಇರುತ್ತಿತ್ತು. ಆಮೇಲೆ ಬಂದ ಬಿಸ್ ಮಾದರಿಯ ಬೆನ್ನು ಗೂನಿನಂತೆ ಉಬ್ಬಿದೆ, ಗನ್ ಮೈಯೊಳಗೇ ಇದೆ. ಗೂನು ಬೆನ್ನಿನ ಮಾದರಿಗೆ 1971ರ ಬಣ್ಣ ಬಳಿದು ಮಾರಿದರೆ ಅದು ಸುಳ್ಳು ವಿಮಾನ.

ನಾನೂ ಒಮ್ಮೆ ಬಿದ್ದೆ. 'ಇಂಡಿಯನ್ ನ್ಯಾಟ್' ಅಂತ ಒಬ್ಬ ಮಾರಾಟಗಾರ ಫೋಟೋ ಹಾಕಿದ್ದ, ಒಂದೇ ಕಡೆಯಿಂದ ತೆಗೆದದ್ದು. ನ್ಯಾಟ್ ಅಂದರೆ ಗೊತ್ತಲ್ಲ, ಪಾಕಿಸ್ತಾನದ ಸೇಬರ್ ಯುದ್ಧವಿಮಾನಗಳನ್ನು ಬೇಟೆಯಾಡಿದ ಪುಟ್ಟ ವಿಮಾನ. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾಗುತ್ತಿತ್ತು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಒಬ್ಬರೇ ಸೇಬರ್‌ಗಳ ಗುಂಪನ್ನು ಎದುರಿಸಿ ಮಡಿದದ್ದು ಇದರಲ್ಲೇ. ವಾಯುಪಡೆಗೆ ಬಂದ ಒಂದೇ ಒಂದು ಪರಮವೀರ ಚಕ್ರ ಅವರದು. ನಾನು ಹಿಂದೆ ಮುಂದೆ ನೋಡದೆ ದುಡ್ಡು ಕಳಿಸಿದೆ. ಪೆಟ್ಟಿಗೆ ಬಿಚ್ಚಿದರೆ ಎರಡು ಸೀಟು! ಅದು ಬ್ರಿಟನ್ನಿನ ವಿಮಾನ ಕಸರತ್ತಿನ ರೆಡ್ ಆ್ಯರೋಸ್ ತಂಡ ಹಾರಿಸುತ್ತಿದ್ದ ತರಬೇತಿ ನ್ಯಾಟ್, ರೆಕ್ಕೆಯೂ ಬೇರೆ. ಮೇಲೆ ಬೆಳ್ಳಿ ಬಣ್ಣ ಬಳಿದು ತ್ರಿವರ್ಣದ ಸ್ಟಿಕ್ಕರ್ ಹಚ್ಚಿದ್ದರು. ಉಗುರಲ್ಲಿ ಕೆರೆದರೆ ಅಡಿಯಲ್ಲಿ ಕೆಂಪು. ದುಡ್ಡು ವಾಪಸು ಬರಲಿಲ್ಲ. ಅದೀಗ ಅಕ್ಕನ ಮಗನ ಆಟದ ಬುಟ್ಟಿಯಲ್ಲಿದೆ.

ಆದ್ದರಿಂದ ಕೊಳ್ಳುವ ಮುಂಚೆ ಐದು ಫೋಟೋ ಕೇಳಿ: ಎಡ, ಬಲ, ಮೇಲೆ, ಹೊಟ್ಟೆ, ಮೂಗಿನ ತುದಿ. ಮೂಗಿನ ಸೂಜಿ ಎಲ್ಲಕ್ಕಿಂತ ಮೊದಲು ಮುರಿಯುವ ಭಾಗ. ಅದು ನೇರವಾಗಿದ್ದರೆ ಉಳಿದದ್ದೂ ನಾಜೂಕಾಗಿ ಉಳಿದಿರುತ್ತದೆ.

ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ

ಹಾಬಿ ಮಾಸ್ಟರ್, ಕಾರ್ಗಿ, ಆಕ್ಸ್‌ಫರ್ಡ್ ಡೈಕಾಸ್ಟ್, ಸೆಂಚುರಿ ವಿಂಗ್ಸ್. ಈ ಹೆಸರುಗಳನ್ನು ನೆನಪಿಡಿ. ನಮ್ಮ ವಾಯುಪಡೆಯ ಬಣ್ಣದ ಸುಖೋಯ್, ರಫೇಲ್‌ಗಳನ್ನು ಹಾಬಿ ಮಾಸ್ಟರ್ 1/72ರಲ್ಲಿ ತಂದಿದೆ. ಹಂಟರನ್ನು ಕಾರ್ಗಿ ಮಾಡಿದೆ. ಹೆಚ್ಚಾಗಿ ಸಿಗುವುದು ಬ್ರಿಟಿಷ್ ಬಣ್ಣದ ಎಫ್-6. ನಮ್ಮ ವಾಯುಪಡೆಯ ಹಂಟರ್ ಎಂಕೆ-56 ಹುಟ್ಟಿದ್ದೂ ಅದರಿಂದಲೇ, ಇಳಿಯುವಾಗ ತಡೆಯಲು ಬಾಲದಲ್ಲಿ ಪ್ಯಾರಾಚೂಟ್ ಸೇರಿಸಿಕೊಂಡು. ಹಾಗಾಗಿ ಆಕಾರದ ಮಟ್ಟಿಗೆ ಬ್ರಿಟಿಷ್ ಎಫ್-6 ತಂದಿಟ್ಟರೆ ತಪ್ಪೇನಿಲ್ಲ.

ಮಿಸ್ಟೇರ್ ಮಾತ್ರ ಕಷ್ಟ. ಹುಡುಕುವಾಗ 'ಸೂಪರ್ ಮಿಸ್ಟೇರ್' ಅಂತ ಕಣ್ಣಿಗೆ ಬೀಳುತ್ತದೆ. ಅದು ಬೇರೆ ವಿಮಾನ, ನಮ್ಮ ವಾಯುಪಡೆ ಅದನ್ನು ಕೊಂಡೇ ಇರಲಿಲ್ಲ. ನಮಗೆ ಬೇಕಾದದ್ದು ಮಿಸ್ಟೇರ್ 4ಎ. ಫ್ರಾನ್ಸಿನ ಡಿಂಕಿ ಆಟಿಕೆ ಕಂಪನಿ 1950ರ ದಶಕದ ಕೊನೆಯಲ್ಲಿ ಅದರ ಪುಟ್ಟ ಲೋಹದ ಮಾದರಿ ಮಾಡಿತ್ತು. ಸಂಖ್ಯೆ 60ಎ. ಅಂಗೈಯೊಳಗೆ ಮುಚ್ಚಿಹೋಗುವಷ್ಟು ಚಿಕ್ಕದು, ಗುರುತು ಫ್ರೆಂಚರದು. ನನ್ನ ಹತ್ತಿರ ಇರುವುದು ಅದೇ, ಬಣ್ಣ ಅರ್ಧ ಹೋಗಿದೆ. ದೊಡ್ಡದು ಬೇಕಾದರೆ ಪ್ಲಾಸ್ಟಿಕ್ ಕಿಟ್ ಕಟ್ಟಿಸಿಕೊಳ್ಳುವುದು ಇನ್ನೊಂದು ದಾರಿ.

ಹೊರದೇಶದಿಂದ ತರಿಸಿದರೆ ಸುಂಕದ ಬಿಸಿ ತಟ್ಟುತ್ತದೆ. ಮಾದರಿ ವಿಮಾನವನ್ನು ಸುಂಕದ ಪಟ್ಟಿಯಲ್ಲಿ ಆಟಿಕೆಗಳ ಜೊತೆಗೇ ಸೇರಿಸಿದ್ದಾರೆ. ಆಟಿಕೆಗಳ ಮೂಲ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಆರ್ಡರ್ ಹಾಕುವ ದಿನ ಈಗ ಎಷ್ಟಿದೆ ಅಂತ ನೋಡಿಕೊಂಡೇ ಮುಂದುವರಿಯಿರಿ. ಸಾಗಣೆ, ಸುಂಕ ಎಲ್ಲ ಸೇರಿ ಒಂದು ಒಳ್ಳೆಯ 1/72 ಮಾದರಿ ಹತ್ತು ಸಾವಿರ ದಾಟುವುದು ಸಾಮಾನ್ಯ. ಬೆಲೆ ಕೇಳಿದ ಅಮ್ಮ 'ಅಷ್ಟಕ್ಕೆ ಒಂದು ಮೂಟೆ ಕಾಫಿ ಕೊಡಬೇಕಾ?' ಅಂದಿದ್ದಳು. ಅಂದಿನಿಂದ ವರ್ಷಕ್ಕೆ ಎರಡೇ ಅಂತ ನಿಯಮ ಮಾಡಿಕೊಂಡಿದ್ದೇನೆ. ಇನ್ನೊಂದು ಮಾತು, ಜೂನ್‌ನಿಂದ ಆಗಸ್ಟ್‌ವರೆಗೆ ಪಾರ್ಸೆಲ್ ತರಿಸಬೇಡಿ. ರಸ್ತೆ ಯಾವಾಗ ಕುಸಿಯುತ್ತದೋ, ಪೆಟ್ಟಿಗೆ ಎಲ್ಲಿ ನೆನೆಯುತ್ತದೋ ಹೇಳಲಿಕ್ಕೆ ಆಗುವುದಿಲ್ಲ.

ಕಕ್ಕಡದ ತೇವದಿಂದ ಉಳಿಸಿಕೊಳ್ಳುವುದು

ಬೇರೆ ಊರಿನವರು ಬರೆದ ಸಲಹೆಗಳಲ್ಲಿ ಧೂಳು, ಬಿಸಿಲಿನ ಮಾತೇ ಜಾಸ್ತಿ. ನಮಗೆ ಧೂಳು ಲೆಕ್ಕವೇ ಅಲ್ಲ. ನಮ್ಮ ವೈರಿ ತೇವ. ಜುಲೈ-ಆಗಸ್ಟಿನ ಜಡಿಮಳೆಯ ಕಕ್ಕಡ ತಿಂಗಳಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುವ ಊರಲ್ಲಿ ವಿಮಾನ ಯಾವ ಲೆಕ್ಕ?

ನನ್ನ ಮೊದಲ ಹಂಟರನ್ನು ಪೆಟ್ಟಿಗೆ ಸಮೇತ ಅಟ್ಟದ ಮೇಲೆ ಇಟ್ಟಿದ್ದೆ. ಪೆಟ್ಟಿಗೆಯಲ್ಲಿದ್ದರೆ ಭದ್ರ ಅಂದುಕೊಂಡಿದ್ದೆ. ಮಳೆ ಬಿಟ್ಟ ಮೇಲೆ ತೆಗೆದರೆ ರೆಕ್ಕೆಗೆ ಸುತ್ತಿದ ತೆಳು ಪ್ಲಾಸ್ಟಿಕ್ ಹಾಳೆ ಬಣ್ಣಕ್ಕೆ ಅಂಟಿಕೊಂಡಿತ್ತು. ಬಿಡಿಸಿದರೆ ಅಡಿಯಲ್ಲಿ ಸಣ್ಣ ಸಣ್ಣ ಗುಳ್ಳೆ, ಬೆವರುಸಾಲೆ ಎದ್ದ ಹಾಗೆ. ಹಾಳೆಯೊಳಗೆ ಸಿಕ್ಕಿಬಿದ್ದ ತೇವ ಮಾಡಿದ ಕೆಲಸ ಅದು. ಈಗ ಪೆಟ್ಟಿಗೆ ಬಂದ ದಿನವೇ ಆ ಪ್ಲಾಸ್ಟಿಕ್ ತೆಗೆದು ಬಿಸಾಡುತ್ತೇನೆ. ಸುತ್ತಲೇಬೇಕಾದರೆ ಬಿಳಿ ಟಿಶ್ಯೂ ಕಾಗದ ಸುತ್ತಿ.

ಬೀರುವನ್ನು ಹೊರಗೋಡೆಗೆ ಒತ್ತಿ ಇಡಬೇಡಿ, ಒಂದು ಗೇಣು ಬಿಡಿ. ಅಡುಗೆಮನೆಯ ಗೋಡೆಯ ಆಚೆ ಬದಿ ಸಿಕ್ಕರೆ ಅದೇ ಒಳ್ಳೆಯ ಜಾಗ, ಒಲೆಯ ಶಾಖಕ್ಕೆ ಗೋಡೆ ಒಣಗಿರುತ್ತದೆ. ಒಳಗೆ ತೇವ ಅಳೆಯುವ ಸಣ್ಣ ಮೀಟರ್ ಇಡಿ, ದುಬಾರಿ ಏನಲ್ಲ. ಶೇ 50ರ ಆಸುಪಾಸು ಇದ್ದರೆ ನೆಮ್ಮದಿ. ಹಿಂದೆ ನಮ್ಮ ಮನೆಗಳಲ್ಲಿ ಬಟ್ಟೆಯ ಬೀರುವಿನೊಳಗೆ ಬಲ್ಬ್ ಉರಿಸಿಡುತ್ತಿದ್ದರು. ಆ ಉಪಾಯ ಇಲ್ಲಿಗೂ ಆಗುತ್ತದೆ, ಆದರೆ ಹಳೇ ಕಾಲದ ತಂತಿ ಬಲ್ಬೇ ಬೇಕು. 15 ವ್ಯಾಟಿನದು ಸಾಕು, ಕೆಳಗಿನ ಖಾನೆಯಲ್ಲಿ, ವಿಮಾನಗಳಿಂದ ಒಂದಡಿ ದೂರ. ಎಲ್‌ಇಡಿ ಹಾಕಿದರೆ ಬೆಳಕು ಬರುತ್ತದೆ, ಶಾಖ ಬರುವುದಿಲ್ಲ.

ಕರೆಂಟು ವಾರಗಟ್ಟಲೆ ಹೋಗುವ ಊರಾದರೆ ಸಿಲಿಕಾ ಜೆಲ್ ಹರಳು ತನ್ನಿ. ಕಿತ್ತಳೆ ಬಣ್ಣದ್ದು ಆರಿಸಿ. ತೇವ ಕುಡಿದಾಗ ಹಸಿರಾಗುತ್ತದೆ. ಬಳಕೆ ಬಿಟ್ಟ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆಗೆ ಬರುತ್ತದೆ. ನೀಲಿಯದು ಬೇಡ, ಅದರಲ್ಲಿ ಕೋಬಾಲ್ಟ್ ಇರುತ್ತದೆ. ಅಡುಗೆಯ ಪಾತ್ರೆಯಲ್ಲಂತೂ ಯಾವುದನ್ನೂ ಹುರಿಯಬೇಡಿ.

ಇನ್ನು ಜಮಾಕ್‌ಗೆ ತನ್ನದೇ ಒಂದು ಕಾಯಿಲೆ ಇದೆ. ಸತುವಿನಲ್ಲಿ ಸೀಸದಂಥ ಕಲ್ಮಶ ಚೂರು ಉಳಿದಿದ್ದರೂ ಲೋಹ ವರ್ಷಗಳ ಮೇಲೆ ಒಳಗಿಂದಲೇ ಬಿರಿಯುತ್ತದೆ. ಬಣ್ಣ ಉಬ್ಬುತ್ತದೆ, ರೆಕ್ಕೆ ಸೊಟ್ಟಗಾಗುತ್ತದೆ, ಕೊನೆಗೆ ರಸ್ಕಿನ ಹಾಗೆ ಪುಡಿಯಾಗುತ್ತದೆ. ತೇವ, ಸೆಖೆ ಇದ್ದರೆ ಬೇಗ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಆಟಿಕೆಗಳಲ್ಲಿ ಇದು ಜಾಸ್ತಿ. ಇದಕ್ಕೆ ಮದ್ದಿಲ್ಲ. ಪಕ್ಕದ ವಿಮಾನಕ್ಕೆ ಹರಡುತ್ತದೆ ಅಂತ ಹೆದರಬೇಡಿ, ಹರಡುವುದಿಲ್ಲ. ಹಳೆಯದನ್ನು ಕೊಳ್ಳುವಾಗ ಕೂದಲೆಳೆಯಂಥ ಬಿರುಕಿದ್ದರೂ ಬಿಟ್ಟು ಎದ್ದುಬನ್ನಿ.

ಒರೆಸಲು ಒದ್ದೆ ಬಟ್ಟೆ ಬೇಡ, ಗಾಜು ಒರೆಸುವ ನೀರು ಬೇಡವೇ ಬೇಡ. ಮೃದುವಾದ ಮೇಕಪ್ ಬ್ರಷ್ಷು ಸಾಕು. ಬೆಳ್ಳಿ ವಿಮಾನಕ್ಕೆ ಬೆರಳಿನ ಗುರುತು ಕೂರುತ್ತದೆ, ಹತ್ತಿಯ ಕೈಗವಸು ಹಾಕಿ. ಎತ್ತುವಾಗ ಹೊಟ್ಟೆ ಹಿಡಿದು ಎತ್ತಿ. ರೆಕ್ಕೆ ಹಿಡಿದು ಎತ್ತುವ ನೆಂಟರು ಬಂದಾಗ ಬೀರುವಿನ ಬೀಗ ಕಳೆದುಹೋಗಿದೆ ಅನ್ನಿ.

ಲೆಕ್ಕದ ಪುಸ್ತಕ

ಒಂದು ನೋಟ್‌ಬುಕ್ ಇಡಿ. ಪೆನ್ಸಿಲ್‌ನಲ್ಲೇ ಬರೆಯಿರಿ, ನಮ್ಮ ತೇವಕ್ಕೆ ಶಾಯಿ ಹರಡುತ್ತದೆ. ಒಂದು ವಿಮಾನಕ್ಕೆ ಒಂದು ಪುಟ. ಯಾವ ಮಾದರಿ, ಬಾಲದ ಮೇಲಿನ ಸಂಖ್ಯೆ, ಯಾವ ಸ್ಕ್ವಾಡ್ರನ್, ಯಾರು ಹಾರಿಸಿದ್ದು, ಎಲ್ಲಿ, ಯಾವ ದಿನ. ಕೆಳಗೆ ಕೊಂಡ ಬೆಲೆ, ಏನಾದರೂ ಮುರಿದಿದ್ದರೆ ಅದು. ಖಾಲಿ ಪೆಟ್ಟಿಗೆಗಳನ್ನು ಬಿಸಾಡಬೇಡಿ, ಮುಂದೆ ಮಾರುವ ಕಾಲಕ್ಕೆ ಪೆಟ್ಟಿಗೆ ಇಲ್ಲದ ವಿಮಾನಕ್ಕೆ ಬೆಲೆ ಕಟ್ಟುವವರು ಕಡಿಮೆ.

ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುತ್ತದೆ. ಅಂಕಲ್ ಮನೆಯಲ್ಲಿ ಕೋವಿ, ಒಡಿಕತ್ತಿ ಒರೆಸಿ, ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆಗೆ ಇಡುತ್ತಾರೆ. ಕಕ್ಕಡ ಮುಗಿದಿರುತ್ತದೆ, ಮಳೆಯೂ ಸ್ವಲ್ಪ ಇಳಿದಿರುತ್ತದೆ. ನಾನು ಬೀರು ತೆಗೆದು ವಿಮಾನಗಳನ್ನೆಲ್ಲ ತಪಾಸಣೆ ಮಾಡುವುದು ಅದೇ ವಾರ. ಹೋದ ವರ್ಷ ಅಂಕಲ್ ಬಂದು, ಬಣ್ಣ ಹೋದ ಆ ಪುಟ್ಟ ಡಿಂಕಿ ಮಿಸ್ಟೇರನ್ನು ಕೇಳಿ ಪಡೆದರು. ಕನ್ನಡಕ ಹಣೆಗೆ ಏರಿಸಿ ಕಣ್ಣ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. 'ಫ್ರೆಂಚ್ ಗುರುತು ಇರ್ಲಿ ಬಿಡು, ಮೂಗು ಸರಿಯಾಗಿದೆ' ಅಂದರು. ಆಮೇಲೆ ಅದನ್ನು ಒಯ್ದು ಕೋವಿಯ ಪಕ್ಕದಲ್ಲಿ ಇಟ್ಟರು. 7ನೇ ತಾರೀಖು ಕಳೆದ ಮೇಲೆ ವಾಪಸು ಕೊಟ್ಟರು, ರೆಕ್ಕೆಯ ಮೇಲೆ ಒಂದು ಚುಕ್ಕೆ ಗಂಧ ಹಾಗೇ ಇತ್ತು. ಬ್ರಷ್ಷಿನಲ್ಲಿ ಒರೆಸಿದರೆ ಹೋಗುತ್ತಿತ್ತು. ಒರೆಸಲಿಲ್ಲ, ನೋಟ್‌ಬುಕ್ಕಿನ ಆ ಪುಟದಲ್ಲಿ ಬರೆದುಕೊಂಡಿದ್ದೇನೆ.